ಹಳೇ ಬೆಲ್ಟು, ಚಪ್ಪಲಿ ಗೊಬ್ಬರದ ಗುಂಡಿಗೆ ಹಾಕುವ ಮುಂಚೆ

ಮಳೆಗಾಲ ಮುಗಿದರೆ ತೀರ್ಥಹಳ್ಳಿ ಕಡೆ ಮನೆ ಮನೆಯಲ್ಲೂ ಬೂಸ್ಟು ಹಿಡಿದ ಚರ್ಮದ ಸಾಮಾನು ಹೊರಗೆ ಬರುತ್ತದೆ. ಕೆಲವರು ಬಚ್ಚಲ ಒಲೆಗೆ ಹಾಕುತ್ತಾರೆ. ಇನ್ನು ಕೆಲವರು ‘ಚರ್ಮ ತಾನೇ, ಕೊಳೆಯುತ್ತೆ ಬಿಡಿ’ ಎಂದು ಅಡಿಕೆ ಬುಡದಲ್ಲಿ ಹೂಳುತ್ತಾರೆ. ಎರಡೂ ತಪ್ಪು.

ಹಸಿ ಚರ್ಮ ಬೇಗ ಕೊಳೆಯುತ್ತದೆ, ನಿಜ. ಕೊಳೆಯಬಾರದು ಅಂತಲೇ ಅದನ್ನು ಹದ ಮಾಡುವುದು. ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು ನಿಧಾನಕ್ಕಾದರೂ ಮಣ್ಣಾಗುತ್ತದೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವುದರಲ್ಲಿ ಇದೇ ಜಾಸ್ತಿ.

ಮೊದಲು ಬಕಲ್, ಮೊಳೆ, ರಬ್ಬರ್ ಅಟ್ಟೆ, ನೈಲಾನ್ ದಾರ ತೆಗೆಯಿರಿ.

ಹಿಂಬದಿ ನೋಡಿ. ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್, ಅಂದರೆ ಪ್ಲಾಸ್ಟಿಕ್. ‘ವೀಗನ್ ಲೆದರ್’ ಅಂತ ಮಾರುವುದೂ ಹೆಚ್ಚಾಗಿ ಇದೇ ಜಾತಿ. ನಮ್ಮ ತೇವಕ್ಕೆ ಸಿಪ್ಪೆ ಎದ್ದು ಉದುರುತ್ತದೆ. ದಯವಿಟ್ಟು ಕೊಳ್ಳಬೇಡಿ.

ಜನ ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಚರ್ಮ ತೊಗಟೆಯಲ್ಲಿ ಹದ ಮಾಡಿದ್ದೋ ಕ್ರೋಮಿಯಂ ಉಪ್ಪಿನಲ್ಲಿ ಮಾಡಿದ್ದೋ (ಕ್ರೋಮ್) ಅಂತ ಗುರುತಿಸುವಾಗ. ಹೊರಗಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಹರಿತವಾದ ಬ್ಲೇಡಿನಿಂದ ಅಂಚು ಕೊಯ್ದು, ಬಿಸಿಲಿನಲ್ಲಿ ಒಳಗಿನ ಪದರ ನೋಡಿ. ನೀಲಿ ಬೂದು ಛಾಯೆ ಇದ್ದರೆ ಕ್ರೋಮ್. ಉದ್ದಕ್ಕೂ ಕಂದು ಇದ್ದರೆ ತೊಗಟೆಯದ್ದು ಇರಬಹುದು. ಆದರೆ ಹಾಕಿದ ಬಣ್ಣ ಒಳಗಿನವರೆಗೂ ಇಳಿದಿರಬಹುದು, ಹಾಗಾಗಿ ಇಷ್ಟಕ್ಕೇ ನಿಲ್ಲಿಸಬೇಡಿ. ಬೆರಳಗಲದ ತುಂಡು ಕತ್ತರಿಸಿ, ಅದರ ಉದ್ದ ಅಳೆದಿಟ್ಟುಕೊಳ್ಳಿ. ಅಡುಗೆಗೆ ಬಳಸದ ಹಳೇ ಡಬ್ಬದಲ್ಲಿ ನೀರು ಕುದಿಸಿ, ತುಂಡನ್ನು ಎರಡು ನಿಮಿಷ ಬಿಡಿ. ತೊಗಟೆಯ ಚರ್ಮ 70ರಿಂದ 85 ಡಿಗ್ರಿಯೊಳಗೇ ಮುದುಡಿ, ಸುರುಟಿ, ಗಟ್ಟಿಯಾಗುತ್ತದೆ. ಕ್ರೋಮ್ ಚರ್ಮ ಕುದಿಯುವ ನೀರನ್ನೂ ತಡೆದುಕೊಂಡು ಹೆಚ್ಚುಕಮ್ಮಿ ಮೊದಲಿನ ಅಳತೆಯಲ್ಲೇ ಇರುತ್ತದೆ. ಎರಡೂ ಪರೀಕ್ಷೆ ಒಂದೇ ಉತ್ತರ ಕೊಡದಿದ್ದರೆ ಕ್ರೋಮ್ ಅಂತಲೇ ಇಟ್ಟುಕೊಳ್ಳಿ.

ತೊಗಟೆಯದ್ದಾದರೆ ಮೇಲಿನ ಹೊಳಪು ಕೆರೆದು, ಉಗುರಿನಷ್ಟು ಚೂರು ಮಾಡಿ, ಸಗಣಿ ಮತ್ತು ಸೊಪ್ಪಿನ ಜೊತೆ ಗುಂಡಿಗೆ ಹಾಕಿ. ಇಡೀ ಬೆಲ್ಟು ಎಸೆದರೆ ಬೇಗ ಕರಗುವುದಿಲ್ಲ.

ಕ್ರೋಮ್ ಆದರೆ ಹೂಳಬೇಡಿ, ಸುಡಲೇಬೇಡಿ. ಸುಟ್ಟಾಗ ಅದರ ಕ್ರೋಮಿಯಂ ಕ್ಯಾನ್ಸರ್ ತರುವ ರೂಪಕ್ಕೆ ತಿರುಗಿ ಬೂದಿಯಲ್ಲಿ ಉಳಿಯಬಹುದು. ಬಚ್ಚಲ ಒಲೆಯ ಬೂದಿಯಲ್ಲೇ ನಾವು ಪಾತ್ರೆ ತಿಕ್ಕುವುದು, ಬದನೆ ಗಿಡಕ್ಕೆ ಹಾಕುವುದು ಅಲ್ವಾ? ಅದರ ಬದಲು ಕತ್ತಿಗೆ ಒರೆ ಹೊಲಿಯಿರಿ, ಗೇಟಿನ ಕೀಲಿಗೆ ವಾಷರ್ ಕತ್ತರಿಸಿ. ಉಳಿದದ್ದನ್ನು ಚಪ್ಪಲಿ ಹೊಲಿಯುವವರಿಗೆ ಕೊಡಿ, ಅವರಿಗೆ ತೇಪೆಗೆ ಬೇಕಾಗುತ್ತದೆ. ಅವರೂ ಬೇಡವೆಂದ ಚೂರುಗಳನ್ನು ಒಣಕಸದ ಗಾಡಿಗೆ ಹಾಕಿ. ರೆಕ್ಸಿನ್ನೂ ಅದಕ್ಕೇ.