ಸರ್ವೀಸ್ ನಿಲ್ಲಿಸದೆ ಸರ್ವರ್ ಪ್ರೊಸೆಸರ್ ಬದಲಿಸುವುದು

ಮಾಮೂಲಿ ಇಂಟೆಲ್, ಎಎಂಡಿ ಸರ್ವರ್‌ಗಳಲ್ಲಿ ಕರೆಂಟ್ ಇರುವಾಗಲೇ ಪ್ರೊಸೆಸರ್ ಬಿಚ್ಚಲು ಆಗುವುದಿಲ್ಲ. ಸನ್ ಎಂಟರ್‌ಪ್ರೈಸ್ 10000 ಥರದ ಹಳೇ ದೊಡ್ಡ ಯಂತ್ರಗಳಲ್ಲಿ ಸಿಸ್ಟಂ ಓಡುತ್ತಿದ್ದಂತೆಯೇ ಇಡೀ ಸಿಪಿಯು ಬೋರ್ಡನ್ನು ಹೊರಗೆಳೆಯಬಹುದಿತ್ತು, ಆ ಕಾಲ ಬೇರೆ. ಲಿನಕ್ಸ್‌ನಲ್ಲಿ ಕೋರ್ (ಪ್ರೊಸೆಸರ್ ಒಳಗಿನ ಒಂದು ಘಟಕ) ಆಫ್‌ಲೈನ್ ಮಾಡಬಹುದಲ್ವಾ ಅಂತ ಕೇಳಬಹುದು. ಮಾಡಬಹುದು, ಆದರೆ ಆ ಕೋರ್‌ಗೆ ಕೆಲಸ ಹೋಗುವುದು ನಿಲ್ಲುತ್ತದೆ ಅಷ್ಟೇ, ಸಾಕೆಟ್‌ಗೆ ಕರೆಂಟ್ ಹಾಗೇ ಇರುತ್ತದೆ. ಅದನ್ನು ನಂಬಿ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಇರುವ ದಾರಿ ಒಂದೇ: ಓಡುತ್ತಿರುವ ವಿಎಂಗಳನ್ನು (ಸರ್ವರ್ ಒಳಗೆ ಓಡುವ ವರ್ಚುವಲ್ ಯಂತ್ರಗಳು) ನಿಲ್ಲಿಸದೆಯೇ ಪಕ್ಕದ ನೋಡ್‌ಗೆ, ಅಂದರೆ ಕ್ಲಸ್ಟರ್‌ನ ಇನ್ನೊಂದು ಸರ್ವರ್‌ಗೆ ಸಾಗಿಸಿ (ಇದೇ ಲೈವ್ ಮೈಗ್ರೇಶನ್), ಖಾಲಿಯಾದ ನೋಡ್ ಆಫ್ ಮಾಡಿ ಕೆಲಸ ಮುಗಿಸುವುದು. ಮೂರು ನೋಡ್‌ಗಳ ಪ್ರಾಕ್ಸ್‌ಮಾಕ್ಸ್ (ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್) ಕ್ಲಸ್ಟರ್ ಇದೆ ಅಂತ ಇಟ್ಟುಕೊಳ್ಳಿ. ಎರಡೇ ನೋಡ್ ಇದ್ದರೆ ಒಂದು ಆಫ್ ಆದ ಕೂಡಲೇ ಕೋರಂ (ಕ್ಲಸ್ಟರ್ ನಡೆಯಲು ಬೇಕಾದ ಬಹುಮತ) ಹೋಗುತ್ತದೆ, ಮೊದಲು ಕ್ಯೂಡಿವೈಸ್ (ಹೊರಗಿನಿಂದ ಇನ್ನೊಂದು ಮತ ಕೊಡುವ ಯಂತ್ರ) ಹಾಕಿಕೊಳ್ಳಿ.

ಜಾಸ್ತಿ ಜನ ಎಡವುವುದು ವಿಎಂನ ಸಿಪಿಯು ಟೈಪ್‌ನಲ್ಲಿ. ಅದು 'ಹೋಸ್ಟ್' ಅಂತ ಇದ್ದರೆ ವಿಎಂಗೆ ಆ ನೋಡ್‌ನ ಪ್ರೊಸೆಸರ್‌ನ ಫೀಚರ್‌ಗಳೆಲ್ಲ ಕಾಣುತ್ತವೆ, ಹೊಸ ಪ್ರೊಸೆಸರ್ ಮೇಲೆ ಶುರುವಾದ ವಿಎಂ ಹಳೆಯದರ ಮೇಲೆ ಬಂದಾಗ ಕ್ರ್ಯಾಶ್ ಆಗಬಹುದು. ಎಲ್ಲ ನೋಡ್‌ಗಳೂ ಬೆಂಬಲಿಸುವ ಒಂದು ಸಾಮಾನ್ಯ ಮಾಡೆಲ್ ಕೊಡಿ, ಕೊನೆಯ ನೋಡ್ ಮುಗಿಯುವವರೆಗೂ ಅದನ್ನು ಮುಟ್ಟಬೇಡಿ. ಟೈಪ್ ಬದಲಿಸಿದರೆ ವಿಎಂ ಒಮ್ಮೆ ಪೂರ್ತಿ ಆಫ್ ಆಗಿ ಆನ್ ಆಗಲೇಬೇಕು, ಆದ್ದರಿಂದ ಇದನ್ನು ಕೆಲವು ವಾರ ಮೊದಲೇ ಮುಗಿಸಿಡಿ. ಪ್ರಾಕ್ಸ್‌ಮಾಕ್ಸ್ ಥರದ್ದೇ ಆದ ವಿಎಂವೇರ್‌ನಲ್ಲಿ ಈ ಕೆಲಸ ಇವಿಸಿ ಅನ್ನುವ ಸೆಟ್ಟಿಂಗ್ ಮಾಡುತ್ತದೆ. ಇಂಟೆಲ್‌ನಿಂದ ಎಎಂಡಿಗೆ ಹೋಗುವವರು ಲೈವ್ ಮೈಗ್ರೇಶನ್ ಆಸೆ ಬಿಟ್ಟು ಸ್ವಲ್ಪ ಡೌನ್‌ಟೈಮ್ ಕೇಳಿಕೊಳ್ಳುವುದೇ ವಾಸಿ.

ಉಳಿದ ಎರಡು ನೋಡ್‌ಗಳ ಮೆಮೊರಿ ಎಲ್ಲ ವಿಎಂಗಳಿಗೂ ಸಾಕೇ ನೋಡಿ. ಪಿಸಿಐ ಕಾರ್ಡ್ ನೇರ ಕೊಟ್ಟಿರುವ ವಿಎಂ ಸಾಮಾನ್ಯವಾಗಿ ಹೀಗೆ ಸಾಗುವುದಿಲ್ಲ. ಬರೆಯುವುದು ಜಾಸ್ತಿ ಇರುವ ಡೇಟಾಬೇಸ್‌ನಲ್ಲಿ ನಕಲಾದ ಮೆಮೊರಿ ಮತ್ತೆ ಮತ್ತೆ ಬದಲಾಗುತ್ತಾ ಮೈಗ್ರೇಶನ್ ಒಂದೊಂದು ಸಲ ಮುಗಿಯುವುದೇ ಇಲ್ಲ, ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ಸೆಫ್ (ಎಲ್ಲ ನೋಡ್‌ಗಳ ಡಿಸ್ಕ್‌ಗಳನ್ನು ಒಂದೇ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್) ಇದ್ದರೆ ಆಫ್ ಮಾಡುವ ಮುಂಚೆ ಅದಕ್ಕೆ 'ನೋಔಟ್' ಸೆಟ್ಟಿಂಗ್ ಹಾಕಿ, ಇಲ್ಲವಾದರೆ ಡೀಫಾಲ್ಟ್ ಆಗಿ 10 ನಿಮಿಷದ ನಂತರ ಆ ಡಿಸ್ಕ್‌ಗಳನ್ನು ಲೆಕ್ಕದಿಂದ ತೆಗೆದುಬಿಡುತ್ತದೆ. ಹೊಸ ಪ್ರೊಸೆಸರ್‌ಗೆ ಬೇಕಾದ ಬಯಾಸ್ ಅಪ್‌ಡೇಟನ್ನು ಹಳೆಯದು ಸಾಕೆಟ್‌ನಲ್ಲಿ ಇರುವಾಗಲೇ ಮಾಡಿ.

ಪವರ್ ಕೇಬಲ್ ಎರಡನ್ನೂ ಕಿತ್ತು, ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿ. ಎಎಂಡಿ ಎಪಿಕ್ ಸರ್ವರ್‌ಗಳ ಎಸ್‌ಪಿ3 ಸಾಕೆಟ್ ಆದರೆ ಅದರ ಮೂರು ಸ್ಕ್ರೂಗಳನ್ನು 1, 2, 3 ಕ್ರಮದಲ್ಲೇ, ಹೇಳಿದಷ್ಟು ಟಾರ್ಕ್‌ಗೇ ಬಿಗಿಮಾಡಿ. ಸುಮ್ನೆ ಅಂದಾಜಿಗೆ ತಿರುಗಿಸಿದರೆ ಒಂದೊಂದು ಸಲ ಒಂದು ಮೆಮೊರಿ ಚಾನಲ್ಲೇ ಕಾಣುವುದಿಲ್ಲ. ಸಾಕೆಟ್ ಪಿನ್‌ಗಳಿಗೆ ಬೆರಳು ತಾಗಿಸಬೇಡಿ, ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ಆನ್ ಆದ ಮೇಲೆ ಮೆಮೊರಿ ಪೂರ್ತಿ ಇದೆಯಾ, ಪೂರ್ತಿ ಲೋಡ್‌ನಲ್ಲಿ ಬಿಸಿ ಎಷ್ಟು ಏರುತ್ತದೆ ನೋಡಿ. ಸೆಫ್ ಸರಿಯಾದ ಮೇಲೆ ನೋಔಟ್ ತೆಗೆಯಿರಿ. ಹೋದರೂ ಪರವಾಗಿಲ್ಲ ಅನ್ನುವ ವಿಎಂ ಒಂದನ್ನು ಮೊದಲು ತಂದು, ಒಂದು ದಿನ ಬಿಟ್ಟು ಮುಂದಿನ ನೋಡ್‌ಗೆ ಕೈ ಹಾಕಿ.