ಸಿನಿಮಾದ ಹೆಸರು ಹೇಳದೆ ಪಾಸು ಮಾರಿದ್ದು

ಈ ಸೀಸನ್ನಿಗೆ ನಮ್ಮ ಸಿನಿಮಾ ಕ್ಲಬ್ಬು ಮಾರಿದ 190 ಪಾಸುಗಳು ಹತ್ತು ಹನ್ನೊಂದು ದಿನಕ್ಕೇ ಮುಗಿದವು. ಹಾಲಿನಲ್ಲಿರುವ ಕುರ್ಚಿ 160 ಮಾತ್ರ. ಪಾಸು ಇದ್ದವರೆಲ್ಲ ಎಲ್ಲ ಶೋಗೂ ಬರುವುದಿಲ್ಲ, ಅಷ್ಟು ಜಾಸ್ತಿ ಮಾರಿದರೂ ಯಾರೂ ನಿಲ್ಲಬೇಕಾಗುವುದಿಲ್ಲ ಎಂದು ಎರಡು ಸೀಸನ್ ಎಣಿಸಿ ನೋಡಿದ ಮೇಲೆ ಗೊತ್ತಾಯಿತು. ಮೂರು ವರ್ಷದ ಹಿಂದೆ ಇದೇ ಹಾಲಿನಲ್ಲಿ ಇಪ್ಪತ್ತು, ಇಪ್ಪತ್ತೆರಡು ಜನ ಕೂರುತ್ತಿದ್ದರು. ನಡೆದು ಹೋಗುವಷ್ಟು ದೂರದಲ್ಲಿ ಮೂರು ಪರದೆಯ ಹೊಸ ಥಿಯೇಟರ್ ತೆರೆದಿತ್ತು. ಕ್ಲಬ್ ಮುಚ್ಚಿಬಿಡೋಣ ಎಂದು ನಮ್ಮ ಸಮಿತಿಯಲ್ಲೇ ಇಬ್ಬರು ಹೇಳಿದ್ದರು. ಬೇರೆ ಕ್ಲಬ್ಬುಗಳವರು ನನ್ನ ಯೋಜನೆ ಕೇಳಿ, "ಏನು ತೋರಿಸ್ತೀರಿ ಅಂತಾನೇ ಹೇಳದೆ ದುಡ್ಡು ಕೇಳಿದ್ರೆ ಯಾರು ಕೊಡ್ತಾರ್ರೀ?" ಎಂದಿದ್ದರು. ಕೊಟ್ಟರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ದುಡ್ಡಿನ ಲೆಕ್ಕವನ್ನು ಪಾಲಿನಲ್ಲಿ ಹೇಳುತ್ತೇನೆ. ಹಾಗೆ ಹೇಳಿದರೆ ಎಲ್ಲ ಕ್ಲಬ್ಬಿನವರಿಗೂ ಹೊಂದುತ್ತದೆ. ಒಂದು ಶೋ ನಡೆಸುವ ಖರ್ಚು 100 ಎಂದುಕೊಳ್ಳಿ. ಪ್ರದರ್ಶನದ ಹಕ್ಕಿಗೆ ಸುಮಾರು 45, ಹಾಲಿನ ಬಾಡಿಗೆಗೆ 30, ವಿಮೆ ಮತ್ತು ರಿಪೇರಿಗೆ 15. ಉಳಿದದ್ದು ಪ್ರಚಾರ, ಚಿಲ್ಲರೆ ಖರ್ಚು. ಥಿಯೇಟರ್ ಬರುವ ಮುಂಚೆ ಒಂದು ಶೋಗೆ 110 ಬರುತ್ತಿತ್ತು. ಬಂದು ಆರು ತಿಂಗಳಿಗೆ ಅದು 35ಕ್ಕೆ ಇಳಿಯಿತು. ಕೂಡಿಟ್ಟಿದ್ದ ಹಣ ಹತ್ತು ಶೋಗೆ ಸಾಲುವಷ್ಟಿತ್ತು. ಅದರಲ್ಲಿ ಹೆಚ್ಚಿನದನ್ನು ನಾವು ತಪ್ಪು ಕಡೆ ಸುರಿದೆವು.

ಮೊದಲನೇ ತಪ್ಪು, ಹೊಸ ಸಿನಿಮಾಗಳ ಹಿಂದೆ ಓಡಿದ್ದು. ಥಿಯೇಟರಿನಲ್ಲಿ ಓಡುತ್ತಿರುವ ಸಿನಿಮಾವನ್ನು ವಿತರಕರು ಕ್ಲಬ್ಬಿಗೆ ಕೊಡುವುದು ಅಪರೂಪ, ನಿಮಗೆ ಗೊತ್ತಿದ್ದದ್ದೇ. ಅಲ್ಲಿಂದ ತೆಗೆದ ಮೇಲೆ ಕೊಟ್ಟರು. ಕನಿಷ್ಠ ಮೊತ್ತ ಇಲ್ಲವೇ ಗಳಿಕೆಯಲ್ಲಿ ಪಾಲು, ಎರಡರಲ್ಲಿ ಯಾವುದು ಹೆಚ್ಚೋ ಅದು ಎನ್ನುವ ಷರತ್ತು. ಆ ಕನಿಷ್ಠ ಮೊತ್ತವೇ 70 ಆಯಿತು. ನೋಡಬೇಕು ಎಂದಿದ್ದವರೆಲ್ಲ ಅಷ್ಟರಲ್ಲಿ ಥಿಯೇಟರಿನಲ್ಲೇ ನೋಡಿ ಬಂದಿದ್ದರು. ಅಂಥ ಮೂರು ಶೋ ಮಾಡಿದೆವು. ಒಂದಕ್ಕೆ ಬಂದ ಹಣ 28.

ಎರಡನೇ ತಪ್ಪು ನನ್ನದು. ಚಿತ್ರ ಮಸುಕಾಗಿದೆ ಎಂದು ಜನ ಹೇಳುತ್ತಿದ್ದರು. ನಾನು ಹಟ ಹಿಡಿದು ಹೊಸ ಪ್ರೊಜೆಕ್ಟರ್ ತರಿಸಿದೆ. ನಾಲ್ಕು ಶೋ ನಡೆಸುವಷ್ಟು ದುಡ್ಡು ಹೋಯಿತು. ತಂದು ಹಾಕಿದರೂ ಚಿತ್ರ ಹಾಗೇ ಇತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಪರದೆ 4 ಮೀಟರ್ ಅಗಲ, ಅಗಲಕ್ಕೂ ಎತ್ತರಕ್ಕೂ 16:9 ಅಳತೆ, ಅಂದರೆ 9 ಚದರ ಮೀಟರ್. ಹಳೇ ಪ್ರೊಜೆಕ್ಟರ್ ಹೊರಗೆ ಬಿಡುವ ಬೆಳಕು 3000 ಲ್ಯುಮೆನ್. ಅದರ ‘ಸಿನಿಮಾ ಮೋಡ್’ ಎನ್ನುವ ಸೆಟ್ಟಿಂಗಿಗೆ ಹಾಕಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿದು 1500 ಉಳಿಯುತ್ತದೆ. ಅದನ್ನು 9ರಿಂದ ಭಾಗಿಸಿ, ಮತ್ತೆ 3.14ರಿಂದ ಭಾಗಿಸಿದರೆ ಪರದೆ ಎಷ್ಟು ಬೆಳಗಿ ಕಾಣುತ್ತದೆ ಎನ್ನುವ ಅಳತೆ ಸಿಗುತ್ತದೆ, ಚದರ ಮೀಟರಿಗೆ 53 ಕ್ಯಾಂಡೆಲಾ. ಡಿಜಿಟಲ್ ಥಿಯೇಟರುಗಳಿಗೆ ಇಟ್ಟಿರುವ ಮಟ್ಟವೇ 48. ಅಂದರೆ ಹಳೇ ಯಂತ್ರದಲ್ಲಿ ಬೆಳಕಿಗೆ ಕೊರತೆ ಇರಲಿಲ್ಲ. ತೊಂದರೆ ಇದ್ದದ್ದು ಬಿಳಿ ಗೋಡೆಗಳಲ್ಲಿ. ಪರದೆಯ ಬೆಳಕು ಗೋಡೆಗೆ ಬಡಿದು ಮತ್ತೆ ಪರದೆಗೇ ಬೀಳುತ್ತಿತ್ತು. ಕಪ್ಪು ಇರಬೇಕಾದ ಜಾಗ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮುಂದಿನ ಆರು ಮೀಟರ್ ಗೋಡೆಗೆ, ಚಾವಣಿಯ ಮುಂಭಾಗಕ್ಕೆ ಹೊಳಪಿಲ್ಲದ ಕಪ್ಪು ಬಟ್ಟೆ ಹೊದಿಸಿದೆವು. ಖರ್ಚು ಅರ್ಧ ಶೋದಷ್ಟೂ ಆಗಲಿಲ್ಲ. ಮುಂದಿನ ವಾರ ಮೂವರು ಬಂದು, "ಪ್ರೊಜೆಕ್ಟರ್ ಬದಲಾಯಿಸಿದ್ರಾ?" ಎಂದು ಕೇಳಿದರು. ಅವತ್ತು ಹಾಕಿದ್ದು ಹಳೇದನ್ನೇ. ದಪ್ಪ ಬಟ್ಟೆಯಿಂದ ಹಾಲಿನ ಗುಂಯ್‌ ಎನ್ನುವ ಪ್ರತಿಧ್ವನಿಯೂ ಕಡಿಮೆಯಾಯಿತು, ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. 2.39:1 ಅಳತೆಯ, ಅಂದರೆ ನಮ್ಮ ಪರದೆಗಿಂತ ಉದ್ದುದ್ದ ಚಿತ್ರದ ಸಿನಿಮಾ ಹಾಕುವಾಗ ಪರದೆಯ ಮೇಲೆ ಕೆಳಗೆ ಉಳಿಯುವ ಜಾಗವನ್ನೂ ಈಗ ಕಪ್ಪು ಪಟ್ಟಿಯಿಂದ ಮುಚ್ಚುತ್ತೇವೆ. ಈ ಪಟ್ಟಿ ಮಾಡಿಕೊಳ್ಳದ ಕ್ಲಬ್ಬಿನವರು ಇವತ್ತೇ ಮಾಡಿಕೊಳ್ಳಿ.

ಮೂರನೆಯದು, ಟಿಕೆಟ್ ದರವನ್ನು ಅರ್ಧ ಮಾಡಿದ್ದು. ಆರೇಳು ಜನ ಜಾಸ್ತಿ ಬಂದರು, ಅಷ್ಟೇ. ಗಳಿಕೆ ಇನ್ನೂ ಕೆಳಗೆ ಹೋಯಿತು.

ಇಷ್ಟೆಲ್ಲ ಆದ ಮೇಲೆ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಬರುವುದು ಬಿಟ್ಟಿದ್ದ ಹಳೇ ಸದಸ್ಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಐವತ್ತು ಜನರಿಗೆ ಮಾಡಿರಬಹುದು. ಟಿಕೆಟ್ ದುಬಾರಿ ಎಂದವರು ಇಬ್ಬರು. ಕುರ್ಚಿ ಸರಿಯಿಲ್ಲ ಎಂದವರು ನಾಲ್ಕೈದು ಜನ. ಉಳಿದವರು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದು ಒಂದೇ. ವಯಸ್ಸಾದ ಒಬ್ಬರು ಹೇಳಿದ ಮಾತು ಹಾಗೇ ನೆನಪಿದೆ. "ನಿಮ್ಮ ಪಟ್ಟಿ ಬರುತ್ತೆ. ಹೆಸರು ಕೇಳಿರೋಲ್ಲ. ಆಮೇಲೆ ನೋಡೋಣ ಅನ್ಕೊಳ್ತೀನಿ. ಅಷ್ಟೊತ್ತಿಗೆ ಆ ದಿನ ಹೋಗಿರುತ್ತೆ."

ನನಗೆ ಸುಳಿವು ಸಿಕ್ಕಿದ್ದು ಇಲ್ಲಿ. ಪ್ರತಿ ಸಲ ಸಿನಿಮಾದ ಹೆಸರು ನೋಡಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಆಟದಲ್ಲಿ ಥಿಯೇಟರ್ ಯಾವಾಗಲೂ ಗೆಲ್ಲುತ್ತದೆ. ಅವರ ಸಿನಿಮಾದ ಹೆಸರು ಬಿಡುಗಡೆಗೆ ಮುಂಚೆಯೇ ಎಲ್ಲರ ಕಿವಿಗೆ ಬಿದ್ದಿರುತ್ತದೆ. ಆ ತೀರ್ಮಾನವನ್ನು ವರ್ಷಕ್ಕೆ ಒಂದೇ ಸಲ ಮಾಡಿಸಿದರೆ ಹೇಗೆ? ಹೆಸರನ್ನೇ ಮುಂದಿಡದಿದ್ದರೆ?

ಎಂಟು ಸಿನಿಮಾದ ಸೀಸನ್ ಪಾಸು ಮಾಡಿದೆವು. ಮೂರು ಹೆಸರು ಹೇಳಿದೆವು, ಐದು ಹೇಳಲಿಲ್ಲ. ಆದರೆ ಕಣ್ಣು ಕಟ್ಟಿ ಕೂರಿಸಲಿಲ್ಲ. ಪ್ರತಿ ಸಿನಿಮಾ ಎಷ್ಟು ಹೊತ್ತಿನದು, ಯಾವ ಭಾಷೆಯದು, ಯಾವ ದಶಕದ್ದು, ಯಾವ ವಯಸ್ಸಿನವರಿಗೆ, ನೋಡಲು ಕಷ್ಟವಾಗುವ ದೃಶ್ಯ ಇದೆಯೇ, ಇಷ್ಟನ್ನೂ ಬರೆದೆವು. ಇದರಲ್ಲಿ ಒಂದು ಸುಳ್ಳು ಹೇಳಿದರೂ ಮುಂದಿನ ವರ್ಷ ಪಾಸು ಹೋಗುವುದಿಲ್ಲ. ಒಂದು ಶೋಗೆ ಮಾತ್ರ ಟಿಕೆಟ್ ಕೊಡುವುದನ್ನು ಪೂರ್ತಿ ನಿಲ್ಲಿಸಿದೆವು. ನಮ್ಮ ಖಜಾಂಚಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ನ್ಯೂಯಾರ್ಕಿನಲ್ಲಿ ಏಮೋಸ್ ವೋಗೆಲ್ 1947ರಲ್ಲಿ ಶುರು ಮಾಡಿದ ಸಿನಿಮಾ 16 ಕ್ಲಬ್ಬು ಮುಂಗಡ ಸದಸ್ಯತ್ವದ ಮೇಲೆಯೇ 1963ರವರೆಗೆ ನಡೆಯಿತು, ಒಂದು ಹಂತದಲ್ಲಿ ಅದಕ್ಕೆ 7000 ಸದಸ್ಯರಿದ್ದರು ಎಂದು ಹೇಳಿದೆ. "ಅದು ಅವರ ಕಾಲ" ಎಂದರು. ಕೊನೆಗೆ ಒಂದು ಸೀಸನ್ ಮಾತ್ರ ಎಂದು ಒಪ್ಪಿದರು.

ಖರ್ಚು ಹೊಂದಲು 90 ಪಾಸು ಹೋಗಬೇಕಿತ್ತು. ಮೊದಲ ಸೀಸನ್ನಿನಲ್ಲಿ ಹೋದದ್ದು 71. ನಷ್ಟವೇ. ಆದರೆ ಸರಾಸರಿ 55 ಜನ ಬಂದರು, ಹೆಸರು ಹೇಳದ ಶೋಗಳಿಗೆ ಹೇಳಿದವುಗಳಿಗಿಂತ ತುಸು ಜಾಸ್ತಿಯೇ ಬಂದರು. ಅದನ್ನು ತೋರಿಸಿ ಎರಡನೇ ಸೀಸನ್ ಕೇಳಿ ಪಡೆದೆ. ಆಗ 130 ಚಿಲ್ಲರೆ ಹೋಯಿತು. ಈ ಸಲ 190. ಖಜಾಂಚಿ ಈ ಸಲ ತಾವೇ 30 ಪಾಸು ಮಾರಿದ್ದಾರೆ.

ಹೆಸರು ಮುಚ್ಚಿಡುವುದರಿಂದ ಇನ್ನೊಂದು ಲಾಭ ಇದೆ. ಕೆಲವು ಪರವಾನಗಿಗಳಲ್ಲಿ ಸದಸ್ಯರಲ್ಲದವರಿಗೆ ಸಿನಿಮಾದ ಹೆಸರು ಹೇಳಿ ಪ್ರಚಾರ ಮಾಡಬಾರದು ಎಂಬ ಷರತ್ತು ಇರುತ್ತದೆ. ಆ ಷರತ್ತು ಮೊದಲು ನಮ್ಮ ಕುತ್ತಿಗೆ ಹಿಡಿಯುತ್ತಿತ್ತು. ಈಗ ಅದು ನಮಗೆ ಲೆಕ್ಕಕ್ಕೇ ಇಲ್ಲ. ಮುಂಗಡ ದುಡ್ಡು ಕೈಯಲ್ಲಿದ್ದುದರಿಂದ ಒಂದೇ ವಿತರಕರಿಂದ ಮೂರು ನಾಲ್ಕು ಸಿನಿಮಾ ಒಟ್ಟಿಗೆ ಕೇಳಿದೆವು. ಹಕ್ಕಿನ ಖರ್ಚು 45ರಿಂದ 32ಕ್ಕೆ ಇಳಿಯಿತು. ಹೇಗೆ ಮಾತಾಡಿ ಇಳಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹಾಗೇ ಕೇಳಿದರೆ ಯಾರಿಗೂ ಕೊಡುವುದಿಲ್ಲ.

ದಿನವನ್ನೂ ಬದಲಾಯಿಸಿದೆವು. ನಾಲ್ಕು ವಾರ ಥಿಯೇಟರಿನ ಎದುರು ನಿಂತು ಸಂಜೆ ಶೋಗೆ ಹೋಗುವವರನ್ನು ಎಣಿಸಿದೆ. ಅಲ್ಲಿ ಮಂಗಳವಾರ ಎಲ್ಲಕ್ಕಿಂತ ಖಾಲಿ. ಶನಿವಾರ ಬಿಟ್ಟು ನಾವು ಮಂಗಳವಾರಕ್ಕೆ ಬಂದೆವು. ಹಾಲಿನ ಬಾಡಿಗೆಯೂ ಇಳಿಯಿತು.

ನಡುವೆ ಏನೇನೋ ಮಾಡಿ ನೋಡಿದ್ದೇವೆ. ಎಳೇ ಮಕ್ಕಳಿರುವ ತಾಯಂದಿರಿಗಾಗಿ ಹಗಲು ಶೋ ಮಾಡಿದೆವು. ದೀಪ ಪೂರ್ತಿ ಆರಿಸದೆ, ಸದ್ದು ತಗ್ಗಿಸಿ. ಹದಿನಾಲ್ಕು ಜನ ಬಂದರು, ತುಂಬಾ ಖುಷಿಪಟ್ಟರು. ಆದರೆ ಹಾಲಿನ ಬಾಡಿಗೆ ಹುಟ್ಟಲಿಲ್ಲ. ಎರಡು ತಿಂಗಳಿಗೆ ನಿಲ್ಲಿಸಿದೆವು. ನನಗೆ ಈಗಲೂ ಅದು ಬೇಸರ. ಇನ್ನೊಂದು ತಾನಾಗಿಯೇ ಆದದ್ದು. ಒಂದು ಸಲ ನಮ್ಮದೇ ಭಾಷೆಯ ಸಿನಿಮಾಕ್ಕೆ ಅದೇ ಭಾಷೆಯ ಸಬ್‌ಟೈಟಲ್ ಆನ್ ಆಗಿ ಉಳಿದುಬಿಟ್ಟಿತು. ಶೋ ಮುಗಿದ ಮೇಲೆ ಕಿವಿ ಸ್ವಲ್ಪ ಮಂದವಿರುವ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು, ಎಷ್ಟೋ ವರ್ಷದ ಮೇಲೆ ಒಂದು ಸಿನಿಮಾ ಪೂರ್ತಿ ಅರ್ಥವಾಯಿತು ಎಂದರು. ಅವತ್ತಿನಿಂದ ಸಿಗುವ ಎಲ್ಲ ಸಿನಿಮಾಕ್ಕೂ ಸಬ್‌ಟೈಟಲ್ ಹಾಕುತ್ತೇವೆ. ಇದೊಂದರಿಂದಲೇ ಇಪ್ಪತ್ತು ಸದಸ್ಯರು ಬಂದಿರಬಹುದು.

ನೋಡಿದವರು ಸಿನಿಮಾಕ್ಕೆ ಅಂಕ ಕೊಡುವ ಚೀಟಿ ನಿಮ್ಮಲ್ಲೂ ಇರುತ್ತದೆ, ಅಂಚಿನಲ್ಲಿ 1ರಿಂದ 5, ಹೋಗುವಾಗ ತಮ್ಮ ಅಂಕದ ಹತ್ತಿರ ಹರಿದು ಡಬ್ಬಿಗೆ ಹಾಕುವುದು. ನಾವು ಸರಾಸರಿ ನೋಡುವುದನ್ನು ಬಿಟ್ಟೆವು. ಎಲ್ಲರೂ 4 ಕೊಟ್ಟ ಸಿನಿಮಾದ ದಿನ ಮಾತುಕತೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. 1 ಮತ್ತು 5 ಎರಡೂ ರಾಶಿ ಬಿದ್ದ ದಿನ ಕಾವಲುಗಾರರು ಬಂದು ದೀಪ ಆರಿಸುವವರೆಗೆ ಯಾರೂ ಏಳುವುದಿಲ್ಲ. ಈಗ ಸೀಸನ್ನಿಗೆ ಅಂಥ ಎರಡು ಸಿನಿಮಾ ಬೇಕೇ ಬೇಕು ಎಂದು ಇಟ್ಟುಕೊಂಡಿದ್ದೇವೆ. ಎಂಟರಲ್ಲಿ ಅವು ಎಷ್ಟನೆಯವು ಎನ್ನುವುದು ನಮ್ಮ ಗುಟ್ಟು.

ಹೋದ ವರ್ಷ ಥಿಯೇಟರಿನ ಮ್ಯಾನೇಜರೇ ಬಂದು, ಮಂಗಳವಾರ ತಮ್ಮ ಚಿಕ್ಕ ಹಾಲು ಖಾಲಿ ಇರುತ್ತದೆ, ಅಲ್ಲೇ ಶೋ ಮಾಡಿ ಎಂದರು. ಬಾಡಿಗೆಯೂ ಕಡಿಮೆ. ಸಮಿತಿಯಲ್ಲಿ ಎಲ್ಲರಿಗೂ ಖುಷಿ. ಎರಡು ಶೋ ಮಾಡಿದೆವು. ಡಿಸಿಪಿ, ಅಂದರೆ ಥಿಯೇಟರಿಗೆ ಬರುವ ಸಿನಿಮಾದ ಡಿಜಿಟಲ್ ಫೈಲು, ಬೀಗ ಹಾಕಿಕೊಂಡೇ ಬರುತ್ತದೆ; ಅದರ ಡಿಜಿಟಲ್ ಕೀಲಿ ನಮ್ಮ ಶೋ ಹೊತ್ತಿಗೆ ಸರಿಯಾಗಿ ತೆರೆಯಲಿ ಎಂದು ಹಿಂದಿನ ದಿನವೇ ಹಾಕಿ ಪರೀಕ್ಷೆ ಮಾಡಿಕೊಂಡೆವು. ಚಿತ್ರ, ಸದ್ದು ಎರಡೂ ನಮ್ಮಲ್ಲಿಗಿಂತ ಎಷ್ಟೋ ಚೆನ್ನಾಗಿತ್ತು. ಆದರೆ ಸಿನಿಮಾ ಮುಗಿದು ಕೆಲಸ ಮಾಡಿದವರ ಹೆಸರುಗಳು ಪರದೆಯ ಮೇಲೆ ಓಡುತ್ತಿದ್ದಂತೆಯೇ ಗುಡಿಸುವವರು ಒಳಗೆ ಬಂದರು. ಇಪ್ಪತ್ತು ನಿಮಿಷಕ್ಕೆ ಅವರ ಮುಂದಿನ ಶೋ. ಜನ ಹೊರಗೆ ಬಂದು ಮೆಟ್ಟಿಲ ಮೇಲೆ ಎರಡು ನಿಮಿಷ ನಿಂತು ಮನೆಗೆ ಹೋದರು. ಎರಡನೇ ಶೋಗೆ ಮೂವತ್ತು ಜನ ಕಡಿಮೆ ಬಂದರು. ಅದು ಎಷ್ಟು ಒಳ್ಳೆಯ ಸಿನಿಮಾ ಆಗಿತ್ತು ಗೊತ್ತಾ, ಅದರ ಬಗ್ಗೆ ಯಾರೂ ಒಂದು ಮಾತೂ ಆಡದೆ ಹೋದರು.

ಮೂರನೇ ಶೋಗೆ ನಮ್ಮ ಹಾಲಿಗೇ ವಾಪಸ್ ಬಂದೆವು. ಮ್ಯಾನೇಜರ್ ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಅವರ ಟಿಕೆಟ್ ಕೌಂಟರಿನ ಪಕ್ಕ ನಮ್ಮ ಪಾಸಿನ ಚೀಟಿಗಳು ಇರುತ್ತವೆ. ನಮ್ಮ ಶೋ ಶುರುವಾಗುವ ಮುಂಚೆ ಅವರ ಆ ವಾರದ ಪಟ್ಟಿಯನ್ನು ನಾವು ಪರದೆಗೆ ಹಾಕುತ್ತೇವೆ. ಈ ಸೀಸನ್ನಿನ 190ರಲ್ಲಿ ಮೂವತ್ತೈದು ಪಾಸು ಆ ಕೌಂಟರಿನಿಂದಲೇ ಹೋಗಿವೆ.