ಕಾಲರ್ ಇರೋ ಬೆಳವ

ನನ್ನ ಹೊಲಿಗೆ ಮಿಷನ್ ಇರೋದು ಹಿತ್ತಲ ಕಿಟಕಿ ಪಕ್ಕ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ಹೋಗೋ ರಸ್ತೆಯಲ್ಲಿ ನಮ್ಮನೆ. ಹಿತ್ತಲಲ್ಲಿ ಒಂದು ಬೇವು, ಒಂದು ನುಗ್ಗೆ, ಕಾಂಪೌಂಡಿಗೆ ಒತ್ತಿಕೊಂಡು ದಾಸವಾಳ. ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದರೆ ಕಾಣೋದು ಇಷ್ಟೇ. ನನ್ನ ಹಕ್ಕಿ ನೋಡೋ ಚಟವೆಲ್ಲ ಈ ಕಿಟಕಿಯಷ್ಟಗಲದ್ದು.

ಮೊದಲು ನನಗೆ ಬೆಳವ ಅಂದ್ರೆ ಬೆಳವ, ಅಷ್ಟೆ. ಅತ್ತೆ ನವಣೆ ಕೇರಿದಾಗ ಉದುರಿದ ಕಾಳಿಗೆ ಬರ್ತಿದ್ದವು, ಹೋಗ್ತಿದ್ದವು. ಒಂದು ಮಧ್ಯಾಹ್ನ ಬ್ಲೌಸಿನ ಕುತ್ತಿಗೆಗೆ ಪೈಪಿಂಗ್ ಕೂರಿಸ್ತಾ ಇದ್ದೆ. ಹೊರಗೆ ಒಂದು ಹಕ್ಕಿ ನನಗೆ ಬೆನ್ನು ಹಾಕಿ ನಿಂತಿತ್ತು. ಮೈಯೆಲ್ಲ ಮಾಸಲು ಬೂದಿ ಬಣ್ಣ, ಕತ್ತಿನ ಹಿಂದೆ ಮಾತ್ರ ಕಪ್ಪು ಪಟ್ಟಿ, ಅದರ ಅಂಚಿಗೆ ಸಣ್ಣಗೆ ಬಿಳಿ. ನನ್ನ ಕೈಯಲ್ಲಿದ್ದ ಕೆಲಸವೇ! ಈ ಕಡೆ ತಿರುಗಿದಾಗ ನೋಡಿದ್ರೆ ಪಟ್ಟಿ ಮುಂದೆ ಕೂಡಿಕೊಂಡೇ ಇಲ್ಲ. ಅರ್ಧ ಕಾಲರ್.

ಆವತ್ತಿನಿಂದ ಅಳತೆ ಪುಸ್ತಕದ ಕೊನೆ ಹಾಳೆಗಳು ಬೆಳವಗಳಿಗೆ ಮೀಸಲಾದವು. ತಿಂಗಳುಗಟ್ಟಲೆ ತಪ್ಪು ತಪ್ಪೇ ಬರೆದೆ. ಚಿಕ್ಕದಾಗಿ, ಎದೆ ಮೇಲೆ ಕಪ್ಪು ಚುಕ್ಕಿ ಇರೋದನ್ನ ಇದರ ಮರಿ ಅಂದ್ಕೊಂಡಿದ್ದೆ. ಅದು ಬೇರೆಯೇ ಜಾತಿ, ನಗುವಿನಂಥ ಕೂಗಿನದು. ಕತ್ತಿನ ಹಿಂದೆ ಕಪ್ಪಿನ ಮೇಲೆ ಬಿಳಿ ಚುಕ್ಕಿಯ ಜಾಲ ಇರೋದು ಚುಕ್ಕೆ ಬೆಳವ. ಇನ್ನೊಂದು ಜಾತಿಗೂ ಕಪ್ಪು ಕಾಲರ್ ಇದೆ, ಆದ್ರೆ ಹಕ್ಕಿಯೇ ಗಿಡ್ಡ. ಗಂಡಿನ ಮೈ ಇಟ್ಟಿಗೆ ಕೆಂಪು, ತಲೆ ಬೂದಿ. ನನ್ನ ಕಾಲರ್ ಬೆಳವ ಇವೆಲ್ಲಕ್ಕಿಂತ ಉದ್ದ. ಕೊಕ್ಕಿನಿಂದ ಬಾಲದ ತುದಿವರೆಗೆ ಒಂದಡಿ ಸ್ಕೇಲಿಗೆ ಹೆಚ್ಚುಕಮ್ಮಿ ಸರಿಹೋಗುತ್ತೆ.

ಈಗ ಕತ್ತು ಬಗ್ಗಿಸಿಕೊಂಡೇ ಗುರುತು ಹಿಡೀತೀನಿ. ಕು–ಕೂ–ಕು, ಮೂರೇ ಉಲಿ, ಒತ್ತು ನಡುವಿನದಕ್ಕೆ. ಇದರ ವೈಜ್ಞಾನಿಕ ಹೆಸರಲ್ಲಿರೋ 'ಡೆಕಾಓಕ್ಟೊ' ಅಂದ್ರೆ ಗ್ರೀಕಿನಲ್ಲಿ ಹದಿನೆಂಟು. ಅದಕ್ಕೊಂದು ಗ್ರೀಕ್ ಕತೆ ಇದೆ: ವರ್ಷಕ್ಕೆ ಬರೀ 18 ಕಾಸಿಗೆ ದುಡೀತಿದ್ದ ಕೆಲಸದವಳು ದೇವರಿಗೆ ಮೊರೆಯಿಟ್ಟಳಂತೆ, ಅವಳ ಸಂಬಳವನ್ನ ಲೋಕಕ್ಕೆಲ್ಲ ಸಾರೋಕೆ ಈ ಹಕ್ಕಿ ಹುಟ್ಟಿತಂತೆ. ಫಾಲ್ ಹಚ್ಚೋದಕ್ಕೂ ಚೌಕಾಸಿ ಮಾಡೋರು ಬಂದಾಗ ಬೇವಿನ ಮೇಲಿಂದ ಕೂಗಿದ್ರೆ ನನಗೆ ನಗು ತಡೆಯೋಕಾಗಲ್ಲ. ನಮ್ಮಂಥ ಒಣ ಸೀಮೆಗೆ ಒಗ್ಗಿದ ಹಕ್ಕಿ ಇದು. ಯೂರೋಪಿನಲ್ಲಿ ತಾನಾಗೇ ಹಬ್ಬುತ್ತಾ ಹೋಗಿ 1955ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಗೂಡು ಕಟ್ಟಿತ್ತು.

ಕಾಳು ಹಾಕೋದು ಸುಲಭ ಅಂದ್ಕೊಂಡಿದ್ದೆ. ದಾಸವಾಳದ ನೆರಳಲ್ಲಿ ಸುರೀತಿದ್ದೆ, ಹಕ್ಕಿಗೆ ತಂಪಿರಲಿ ಅಂತ. ಅದೇ ನೆರಳಲ್ಲಿ ಬೆಕ್ಕು ಕಾಯ್ತಿತ್ತು. ಒಂದು ಬೆಳಿಗ್ಗೆ ನೋಡಿದ್ರೆ ನೆಲದ ತುಂಬ ಬೂದಿ ಪುಕ್ಕ. ಬೆಳವದ ಪುಕ್ಕ ಹಿಡಿದರೆ ಸಾಕು, ಕಿತ್ತು ಬರುತ್ತೆ. ಎಷ್ಟೋ ಸಲ ಬೆಕ್ಕಿನ ಬಾಯಿಗೆ ಬರೀ ಪುಕ್ಕವೇ ಸಿಗುತ್ತೆ. ಆವತ್ತು ಹಾಗಾಗಿರಲಿಲ್ಲ. ಪೊದೆ ಹತ್ತಿರ ರಕ್ತ ಇತ್ತು. "ಅದಕ್ಕೇ ಹೇಳಿದ್ದು, ಬಯಲಿಗೆ ಎಸಿ ಅಂತ" ಅಂದ್ರು ಅತ್ತೆ. ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ, ಆದ್ರೂ ನಾನು ಸುಮ್ಮನಿದ್ದೆ.

ಈಗ ಪೊದೆಯಿಂದ ಹತ್ತು ಹೆಜ್ಜೆ ದೂರ, ಬಟಾಬಯಲಲ್ಲಿ ಹಾಕ್ತೀನಿ. ನವಣೆ, ಸಜ್ಜೆ, ಒಡೆದ ಜೋಳ. ಒಂದು ಹಿಡಿ, ಬೆಳಿಗ್ಗೆ ಮಾತ್ರ. ಅನ್ನ ಹಾಕಲ್ಲ, ಹುಳಿತು ಇರುವೆ ಮುತ್ತುತ್ತೆ. ಮರಕ್ಕೆ ತೂಗುಹಾಕಿದ ತಟ್ಟೆಗೆ ಗುಬ್ಬಿ ಬಂದವೇ ಹೊರತು ಇವು ತಿರುಗಿ ನೋಡಲಿಲ್ಲ. ನೆಲದ ಮೇಲೆ ಹೆಕ್ಕಿ ತಿನ್ನೋ ಜೀವ.

ನೀರಿಗೆ ಅಗಲವಾದ ಮಣ್ಣಿನ ತಟ್ಟೆ. ಬೇರೆ ಹಕ್ಕಿ ಒಂದು ಗುಟುಕು ತಗೊಂಡು ತಲೆ ಎತ್ತಿ ನುಂಗುತ್ತೆ. ಬೆಳವ ಕೊಕ್ಕು ಮುಳುಗಿಸಿ ಹಸುವಿನ ಹಾಗೆ ಒಂದೇ ಸಮನೆ ಹೀರುತ್ತೆ. ತಟ್ಟೆಯನ್ನ ದಿನಾ ಉಜ್ಜಿ ತೊಳೀತೀನಿ, ಗಂಟಲ ರೋಗ ಒಂದರಿಂದ ಒಂದಕ್ಕೆ ನೀರಿನಲ್ಲೇ ಅಂಟುತ್ತೆ.

ಹೋದ ಬೇಸಿಗೆ ಬೇವಿನ ಕವಲಿನಲ್ಲಿ ಜೋಡಿಯೊಂದು ಗೂಡು ಕಟ್ಟಿತು. ಗೂಡು ಅನ್ನೋಕೂ ನಾಚಿಕೆ, ಹತ್ತಿಪ್ಪತ್ತು ಕಡ್ಡಿ. ಇಷ್ಟು ಸಡಿಲ ಹೊಲಿಗೆ ಹಾಕಿದ್ರೆ ನನ್ನ ಅಂಗಡಿ ಮುಚ್ಚಬೇಕಿತ್ತು! ಕೆಳಗೆ ನಿಂತ್ರೆ ಸಂದಿಯಿಂದ ಎರಡು ಬಿಳಿ ಮೊಟ್ಟೆ ಕಾಣ್ತಿದ್ದವು. ಹಗಲು ಗಂಡು, ರಾತ್ರಿ ಹೆಣ್ಣು, ಪಾಳಿ ಮೇಲೆ ಕಾವು. ಎರಡು ವಾರ ದಾಟಿದ ಮೇಲೆ ಮರಿ. ಗಂಟಲ ಚೀಲದಲ್ಲಿ ಊರೋ ಹಾಲಿನಂಥದ್ದನ್ನ ಅಪ್ಪ ಅಮ್ಮ ಇಬ್ಬರೂ ಉಣಿಸ್ತಾರೆ. "ಗಂಡೂ ಹಾಲು ಕುಡಿಸುತ್ತಾ?" ಅಂತ ಅತ್ತೆ ಮಿಷನ್ ಪಕ್ಕ ಸ್ಟೂಲ್ ಎಳ್ಕೊಂಡು ಕೂತರು.

ಮರಿಗಳು ನೆಲಕ್ಕಿಳಿದಾಗ ಕತ್ತು ಬೋಳು. ಪುಸ್ತಕದಲ್ಲಿ ಗಿರಾಕಿ ಬಟ್ಟೆಗೆ ಬರೆಯೋ ಹಾಗೇ ಬರೆದೆ: "ಎರಡು. ಕಾಲರ್ ಬಾಕಿ." ಎರಡು ಮೂರು ತಿಂಗಳಲ್ಲಿ ಒಂದಕ್ಕೆ ಪಟ್ಟಿ ಮೂಡಿತು, ಗೀಟು ಹೊಡೆದೆ. ಇನ್ನೊಂದು ಎಲ್ಲಿ ಹೋಯ್ತೋ. ಅದರದು ಬಾಕಿ ಅಂತಲೇ ಇದೆ.